ಕತ್ತರಿ ಹಚ್ಚದ ಮಲ್ಲಿಗೆ

ನಾನು ಹಟಮಾರಿ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬಾರದು. ಕೆಲವರು ತಮ್ಮ ಮನೆತನದ ಹೆಸರನ್ನು ಹೇಳಿಕೊಳ್ಳುವ ಹಾಗೆ ನಾನು ಇದನ್ನು ಹೇಳಿಕೊಳ್ಳುತ್ತಿದ್ದೇನೆ. ಹಟಕ್ಕೆ ಒಂದು ಕಾರಣ ಇರಬೇಕು ಎನ್ನುವವರು ಎಂದೂ ಮನಸ್ಸಿಟ್ಟು ಹಟ ಮಾಡಿದವರಲ್ಲ. ಕಾರಣ ಇರುವ ತನಕ ಅದು ಬರೀ ವಾದ. ಕಾರಣವೆಲ್ಲ ಮುಗಿದು, ಎದುರಿನವರ ಮಾತೇ ಸರಿ ಎಂದು ನಮಗೇ ಗೊತ್ತಾದ ಮೇಲೂ ಕಾಲೂರಿ ನಿಲ್ಲುತ್ತೇವಲ್ಲ, ಅಲ್ಲಿಂದ ಮುಂದೆ ಹಟ. ಈ ವಿದ್ಯೆ ನನಗೆ ಬಂದದ್ದು ಉಪ್ಪಿನಬೆಟಗೇರಿಯ ನಮ್ಮ ಆಯಿಯಿಂದ, ಅಂದರೆ ನನ್ನ ತಾಯಿಯ ತಾಯಿಯಿಂದ. ಮಾತು ಕಲಿತದ್ದೂ ಅವಳ ಮಡಿಲಲ್ಲೇ, ಆದ್ದರಿಂದ ಎರಡೂ ಕೂಡಿಯೇ ಬಂದಿರಬೇಕು. ಆಯಿ ಒಮ್ಮೆ ಯಾರದೋ ಮನೆಯಲ್ಲಿ ಸಂಕೋಚಕ್ಕೆ “ನಾ ಚಾ ಕುಡಿಯಂಗಿಲ್ಲವಾ” ಅಂದಳಂತೆ. ಆ ಮನೆಯವರು “ಎಷ್ಟು ಛಲೋ ನೇಮ ನೋಡ್ರಿ ಇವರದು” ಎಂದು ಹೊಗಳಿಬಿಟ್ಟರು. ಅಷ್ಟೇ. ಅಂದಿನಿಂದ ಸಾಯುವ ತನಕ ಊರೊಳಗೆ ಯಾರ ಮನೆಯಲ್ಲೂ ಆಯಿ ಚಹಾ ಮುಟ್ಟಲಿಲ್ಲ. ಮನೆಯಲ್ಲಿ ಮಾತ್ರ ದಿನಕ್ಕೆ ನಾಲ್ಕು ಸಲ, ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು, ಹಿತ್ತಾಳೆ ಲೋಟದ ತುಂಬ ಕುಡಿಯುತ್ತಿದ್ದಳು. ಸಣ್ಣವಳಿದ್ದಾಗ ನಾನು ಬಾಗಿಲ ಕಾವಲಿಗೆ ಕೂಡುತ್ತಿದ್ದೆ. ಆ ಕಾವಲಿನ ಕೂಲಿ ಎಂದು ತಳದಲ್ಲಿ ಉಳಿದ ಸಕ್ಕರೆ ನನಗೆ ಸಿಗುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಒಂದು ಮಲ್ಲಿಗೆ ಗಿಡ. ಧಾರವಾಡದಲ್ಲಿ ನಮ್ಮದು ನಾಲ್ಕು ಹೆಜ್ಜೆ ಅಂಗಳದ ಮನೆ. ಗೇಟಿನಿಂದ ಹಿತ್ತಲಿಗೆ ಹೋಗಲು ಮನೆಯ ಪಕ್ಕದಲ್ಲಿ ಒಂದು ಓಣಿಯಂಥ ಜಾಗ, ಅಲ್ಲಿ ಬಚ್ಚಲಿನ ಕಿಟಕಿ, ಆ ಕಿಟಕಿಯ ಕೆಳಗೆ ನಾನು ನೆಟ್ಟ ದುಂಡುಮಲ್ಲಿಗೆ. ಬಚ್ಚಲ ನೀರು ಹರಿದುಹೋಗುವ ಜಾಗ ಅದು. ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಗಿಡಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ಲೆಕ್ಕ ಹಾಕಿಯೇ ಅಲ್ಲಿ ನೆಟ್ಟಿದ್ದೆ. ಅದು ತೊಂಬತ್ತರ ದಶಕದ ನಡುಮಧ್ಯ. ಆಗ ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತಳಾಗಿದ್ದೆ. ನಮ್ಮ ಮನೆಯವರು ದಿನಾಲೂ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಗಿಡ ನೋಡಿಕೊಳ್ಳಲು ನಮಗಿದ್ದದ್ದು ರವಿವಾರ ಒಂದೇ.

ರವಿವಾರವೆಂದರೆ ನಮ್ಮ ಓಣಿಯಲ್ಲಿ ಗಿಡದವರ ವಾರ. ಬೆಳಿಗ್ಗೆ ಹಾಲಿನ ಚೀಲ ಕೈಯಲ್ಲಿ ಹಿಡಿದು ಹೊರಟವರೆಲ್ಲ ದೇಸಾಯಿ ಕಾಕಾ ಅವರ ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುತ್ತಿದ್ದರು. ಹಾಲು ಬಿಸಿಲಿಗೆ ಕೆಡುತ್ತದೆಂಬ ಭಯ ಯಾರಿಗೂ ಇರುತ್ತಿರಲಿಲ್ಲ. ಮಾತೆಲ್ಲ ಗಿಡದ್ದೇ. ದಾಸವಾಳಕ್ಕೆ ಬಿಳಿ ಹುಳ ಹತ್ತಿದರೆ ತಂಬಾಕಿನ ನೀರೋ ಬೇವಿನ ಎಣ್ಣೆಯೋ, ಹತ್ತಿರದ ಮುಗದ ಊರಿನಿಂದ ಚಕ್ಕಡಿಯಲ್ಲಿ ಬರುವ ಗೊಬ್ಬರ ಪೂರಾ ಕಳಿತದ್ದೋ ಅಲ್ಲವೋ, ಶೇಂಗಾ ಹಿಂಡಿ ನೆನೆಸಿದ ನೀರನ್ನು ಮೂರು ದಿನ ಇಡಬೇಕೋ ಐದು ದಿನವೋ. ಈ ಕಡೆಯ ಪ್ರಶ್ನೆ ಬಹಳ ಮಹತ್ವದ್ದು, ಯಾಕೆಂದರೆ ನಾಲ್ಕನೆಯ ದಿನಕ್ಕೆ ಅದರ ವಾಸನೆಗೆ ಮನೆಗೆ ಬಂದ ಬೀಗರು ಹೇಳದೆ ಕೇಳದೆ ಊರಿಗೆ ಹೋಗುತ್ತಿದ್ದರು. ಕೆಲವರು ಅದಕ್ಕಾಗಿಯೇ ಐದು ದಿನ ಇಡುತ್ತಿದ್ದರೆಂದು ನನ್ನ ಗುಮಾನಿ.

ಈ ಸಭೆಗೆ ದೇಸಾಯಿ ಕಾಕಾ ಅವರೇ ಯಜಮಾನರು. ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಜೀವಮಾನವೆಲ್ಲ ಕಾಲುವೆಗೆ ನೀರು ಬಿಡಿಸಿದ ಈ ಮನುಷ್ಯ ನಿವೃತ್ತಿಯ ನಂತರ ಹಿಡಿದ ಕೆಲಸ ಗಿಡಗಳಿಗೆ ನೀರು ನಿಲ್ಲಿಸುವುದು. ಅವರ ಶಾಸ್ತ್ರ ಹೀಗೆ: ಸಂಕ್ರಾಂತಿಯ ಹೊತ್ತಿಗೆ ಮಲ್ಲಿಗೆ ಗಿಡಕ್ಕೆ ನೀರು ಬಂದ್ ಮಾಡಬೇಕು. ಎಲೆ ಬಾಡಿದ ಮೇಲೆ ಮೊಳಕಾಲಿನ ಎತ್ತರಕ್ಕೆ ಕತ್ತರಿಸಬೇಕು, ಉಳಿದ ಎಲೆಯನ್ನು ಕೈಯಿಂದ ಸವರಿ ತೆಗೆಯಬೇಕು, ಬುಡ ಬಿಡಿಸಿ ಗೊಬ್ಬರ ಹಾಕಿ ಆಮೇಲೆ ನೀರು ಕೊಡಬೇಕು. ಯುಗಾದಿಗೆ ಗಿಡದ ತುಂಬ ಮೊಗ್ಗು. ಓಣಿಯ ಅಷ್ಟೂ ಮಲ್ಲಿಗೆಗೆ ಒಂದೇ ರವಿವಾರ ಕಟಿಂಗ್. ಕಾಕಾ ತಮ್ಮ ಎಣ್ಣೆ ಹಚ್ಚಿದ ಕತ್ತರಿ ಹಿಡಿದು ಮನೆಮನೆಗೆ ಬರುತ್ತಿದ್ದರು. ಎಲ್ಲರೂ ಗೇಟು ತೆರೆದು, ಚಹಾ ಕೊಟ್ಟು, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಗಿಡ ಅವರದೋ ಕಾಕಾ ಅವರದೋ ತಿಳಿಯುತ್ತಿರಲಿಲ್ಲ.

ನಮ್ಮ ಗಿಡಕ್ಕೆ ಎರಡು ವರ್ಷ ತುಂಬಿದಾಗ ಕಾಕಾ ನಮ್ಮ ಗೇಟಿಗೂ ಬಂದರು. ಅಂದು ನನ್ನ ಕೈಯೆಲ್ಲ ಉಪ್ಪಿನಕಾಯಿಯ ಮಸಾಲೆ.

“ಶಾರದಾಬಾಯಿ, ನೀರು ಬಂದ್ ಮಾಡೀರಿಲ್ಲೊ?”

“ಬಚ್ಚಲ ನೀರು ಹೋಗ್ತೈತ್ರಿ ಕಾಕಾ ಅದಕ್ಕ.”

“ಹಂಗಾದ್ರ ಬಚ್ಚಲ ನೀರು ಬಂದ್ ಮಾಡ್ರಿ. ಮೂರು ವಾರ.”

“ಅಂದ್ರ ಮೂರು ವಾರ ಯಾರೂ ಮೈ ತೊಳಕೋಬಾರ್ದೇನ್ರಿ?”

ಕಾಕಾ ನಗಲಿಲ್ಲ. ಗಿಡದ ವಿಷಯದಲ್ಲಿ ಅವರು ನಗುವವರಲ್ಲ. “ಅದು ನಿಮ್ಮ ಮನಿ ವಿಚಾರ. ಗಿಡ ಮಾತ್ರ ಮೊಳಕಾಲಮಟ ಕತ್ತರಿಸಬೇಕು” ಎಂದು ಒಳಗೆ ಕಾಲಿಟ್ಟರು.

“ಯಾಕ್ರಿ?” ಅಂದೆ. ದೇವರಾಣೆ, ತಿಳಿದುಕೊಳ್ಳಬೇಕೆಂದೇ ಕೇಳಿದ್ದೆ.

“ಯಾಕ ಅಂತ ಕೇಳೋದೇನೈತ್ರಿ ಇದ್ರಾಗ? ಸರೀರಿ ಇತ್ತಾಗ, ನಿಮಗ ತಿಳಿಯಂಗಿಲ್ಲ.”

ಅವರು ಕಾರಣ ಹೇಳಿದ್ದರೆ ನಾನೇ ಕೊಂಬೆ ಹಿಡಿದು ನಿಲ್ಲುತ್ತಿದ್ದೆ. ಆ ಮಾತು ಕೇಳಿ ಆಯಿಯ ರಕ್ತ ಮೇಲೇರಿತು. ಮಸಾಲೆಯ ಕೈಯನ್ನೇ ಗಿಡಕ್ಕೆ ಅಡ್ಡ ಹಿಡಿದು, “ನಮ್ಮ ಗಿಡಕ್ಕ ಕತ್ತರಿ ಹಚ್ಚಂಗಿಲ್ಲ” ಅಂದುಬಿಟ್ಟೆ. ಓಣಿಯ ಅರ್ಧ ಜನ ಹಿಂದೆ ನಿಂತಿದ್ದರು. ಅಷ್ಟು ಮಂದಿಯ ಮುಂದೆ ಹೇಳಿದ ಮೇಲೆ ಅದು ನನ್ನ ಸಿದ್ಧಾಂತವೇ ಆಗಿಹೋಯಿತು.

ಮೂರು ವರ್ಷ ಆ ಸಿದ್ಧಾಂತವನ್ನು ಕಾಯ್ದುಕೊಂಡೆ. ಗಿಡ ಬೆಳೆಯಿತು. ಬೆಳೆಯಿತು ಎಂದರೆ ಸಾಲದು; ಕಿಟಕಿ ಮುಚ್ಚಿತು, ಗೋಡೆ ಹತ್ತಿತು, ಓಣಿಯಂಥ ಆ ಜಾಗದಲ್ಲಿ ಹಿತ್ತಲಿಗೆ ಹೋಗುವವರು ಸೆರಗನ್ನೋ ಅಂಗಿಯನ್ನೋ ಒಪ್ಪಿಸಿಯೇ ಮುಂದೆ ಹೋಗಬೇಕಾಯಿತು. ಎಲೆಗಳಂತೂ ಸಾಣೆ ಹಿಡಿದ ಹಾಗೆ ಹೊಳೆಯುತ್ತಿದ್ದವು. ಹೂವು? ಮೊದಲ ವರ್ಷ ಒಂದು ಬೊಗಸೆ, ಎರಡನೆಯ ವರ್ಷ ಒಂದು ಹಿಡಿ, ಮೂರನೆಯ ವರ್ಷ ಒಂದೇ ಒಂದು. ಅದನ್ನೂ ಎಲೆಯ ಸಂದಿಯಲ್ಲಿ ಹುಡುಕಿ ತೆಗೆದವರು ಗ್ರೇಸ್ ಅಕ್ಕೋರು. ಅವರು ಮಿಶನ್ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು, ಎದುರು ಮನೆ, ಅಂಗಳದ ತುಂಬ ಗುಲಾಬಿ. ಆ ಒಂಟಿ ಹೂವನ್ನು ಅಂಗೈಯಲ್ಲಿಟ್ಟು ನನಗೆ ಕೊಡುತ್ತ, “ಶಾರದಾ, ಇದನ್ನ ಮುಡೀಬೇಕೋ, ಚೌಕಟ್ಟ ಹಾಕಿಸಬೇಕೋ?” ಅಂದರು. ಮುಡಿದುಕೊಂಡೆ. ತಲೆ ಎತ್ತಿ ಓಣಿಯಲ್ಲಿ ಎರಡು ಸಲ ಅಡ್ಡಾಡಿ ಬಂದೆ.

ನಾಲ್ಕನೆಯ ವರ್ಷ ಸಂಕಟ ಬಂದದ್ದು ಸ್ಕೂಟರಿನ ರೂಪದಲ್ಲಿ. ನಮ್ಮ ಮನೆಯವರು ಹಳೆಯದೊಂದು ಸ್ಕೂಟರ್ ತಂದರು. ಅದನ್ನು ನಿಲ್ಲಿಸಲು ಇಡೀ ಮನೆಯಲ್ಲಿ ಅವರಿಗೆ ಕಂಡ ಜಾಗ ಒಂದೇ, ಬಚ್ಚಲ ಕಿಟಕಿಯ ಕೆಳಗೆ. ಸಂಕ್ರಾಂತಿ ಮುಗಿದ ರವಿವಾರ ಕಟ್ಟೆಯ ಸಭೆಯಲ್ಲೇ ಅವರು ವಿಷಯ ತೆಗೆದರು. ಮನೆಯಲ್ಲಿ ಹೇಳುವ ಧೈರ್ಯವಿಲ್ಲದ ಗಂಡಸರು ಕಟ್ಟೆಗೆ ಬಂದು ಹೇಳುವುದು ನಮ್ಮ ಓಣಿಯ ಪದ್ಧತಿ.

“ಕಾಕಾ, ಆ ಗಿಡ ಕಿತ್ತು ಒಗದ್ರ ಹ್ಯಾಂಗ್ರಿ? ಹೂವಂತೂ ಇಲ್ಲ.”

“ಕೀಳ್ರಿ,” ಅಂದರು ಕಾಕಾ, ಮೂರು ವರ್ಷದ ಸಿಟ್ಟನ್ನೆಲ್ಲ ಕೂಡಿಸಿ. “ಮೇಯೋದ ಒಂದ ಗೊತ್ತೈತಿ ಅದಕ್ಕ. ಹಿಂಡದ ಎಮ್ಮಿ ಅದು.”

“ಎಮ್ಮಿ ಅನಬ್ಯಾಡ್ರಿ ನಮ್ಮ ಗಿಡಕ್ಕ!” ಎಂದು ಎದ್ದು ನಿಂತೆ. ಕೈಯಲ್ಲಿದ್ದ ಹಾಲಿನ ಚೀಲ ಕಟ್ಟೆಗೆ ಬಡಿದು ಸೋರತೊಡಗಿತು. ಅದನ್ನು ಲಕ್ಷಿಸಲಿಲ್ಲ. “ಈ ಯುಗಾದಿಗೆ ಅದು ಗಿಡದ ತುಂಬ ಹೂವು ಬಿಡತೈತಿ. ಕತ್ತರಿ ಹಚ್ಚದ ಬಿಡತೈತಿ. ಬಿಡಲಿಲ್ಲಂದ್ರ ನಾನಾ ನನ್ನ ಕೈಯಾರೆ ಬುಡಸಹಿತ ಕಿತ್ತು ಕೊಡ್ತೇನಿ, ನಿಮ್ಮ ಸ್ಕೂಟರ್ ಅಲ್ಲೇ ನಿಲ್ಲಿಸಿ ಪೂಜಿ ಮಾಡ್ರಿ!”

ಕಟ್ಟೆಯ ಮೇಲಿದ್ದವರೆಲ್ಲ ತಮ್ಮ ತಮ್ಮ ಹಾಲಿನ ಚೀಲ ಎತ್ತಿಕೊಂಡರು. ನಮ್ಮ ಮನೆಯವರ ಮುಖದಲ್ಲಿ ಮಾತ್ರ ಸಣ್ಣ ಸಂತೋಷ ಕಂಡಿತು. ಯುಗಾದಿ ಹೆಚ್ಚು ದೂರವಿರಲಿಲ್ಲ.

ಮನೆಗೆ ಬಂದು ಗಿಡದ ಮುಂದೆ ನಿಂತೆ. ಕಾಕಾ ಹೇಳುವುದು ನಿಜವೆಂದು ನನಗೆ ಎರಡನೆಯ ವರ್ಷವೇ ತಿಳಿದಿತ್ತು, ಈಗ ಮುಚ್ಚಿಟ್ಟು ಏನು ಪ್ರಯೋಜನ? ಹಳೆಯ ಕಡ್ಡಿಗೆ ಹೂವು ಬರುವುದಿಲ್ಲ, ಹೊಸ ಚಿಗುರಿಗೇ ಮೊಗ್ಗು. ಕತ್ತರಿಸದೆ ಹೊಸ ಚಿಗುರು ಎಲ್ಲಿಂದ ಬರಬೇಕು? ಓಣಿಯ ಎಲ್ಲ ಮನೆಯಲ್ಲೂ ಕಣ್ಣಿಗೆ ಕಾಣುವ ಹಾಗೆ ನಡೆಯುತ್ತಿದ್ದ ಸಂಗತಿ ಅದು. ಗಿಡ ಉಳಿಯಬೇಕಾದರೆ ಕತ್ತರಿ ಬೇಕು. ಮಾತು ಉಳಿಯಬೇಕಾದರೆ ಕತ್ತರಿ ಕೂಡದು. ಎರಡರಲ್ಲಿ ಒಂದನ್ನು ಬಿಡುವವಳು ಬೇರೆ ಯಾರಾದರೂ ಇರಬೇಕು. ನಾನು ಎರಡನ್ನೂ ಉಳಿಸಿಕೊಳ್ಳುವ ದಾರಿಯನ್ನು ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕಂಡುಕೊಂಡೆ.

ಬಚ್ಚಲ ಕಿಟಕಿಗೆ ಕಬ್ಬಿಣದ ಗಜಗಳಿದ್ದವು, ಆದರೆ ಕೈ ಹಾಯುವಷ್ಟು ಸಂದಿ ಇತ್ತು. ಕಿಟಕಿಯ ಆಚೆ ಗಿಡ. ಈಚೆ ನಾನು. ಬಾಗಿಲಿಗೆ ಒಳಚಿಲಕ. ಹೊಲಿಗೆ ಯಂತ್ರದ ಖಾನೆಯಲ್ಲಿದ್ದ ಬಟ್ಟೆ ಕತ್ತರಿಯನ್ನು ಟಾವೆಲಿನಲ್ಲಿ ಸುತ್ತಿ ಒಳಗೊಯ್ದೆ. ಕಿಟಕಿಯಿಂದ ತೋಳು ಹೊರಗೆ ಹಾಕಿ ಮುಟ್ಟಿದಷ್ಟು ಕಡ್ಡಿ ಕತ್ತರಿಸಿ ಒಳಗೆಳೆದುಕೊಂಡೆ. ಕತ್ತರಿಸಿದ ಕಡ್ಡಿಯನ್ನು ಎಲ್ಲಿ ಬಚ್ಚಿಡಬೇಕು? ಹಂಡೆಯ ಒಲೆ ಅಲ್ಲೇ ಉರಿಯುತ್ತಿತ್ತಲ್ಲ. ದಿನಕ್ಕಿಷ್ಟು ಕತ್ತರಿಸಿ, ಸಾಕ್ಷಿಯಿಂದಲೇ ನೀರು ಕಾಯಿಸಿ, ಅದೇ ನೀರು ಮೈಮೇಲೆ ಸುರಿದುಕೊಂಡು, ಶುದ್ಧಳಾಗಿ ಹೊರಗೆ ಬರುತ್ತಿದ್ದೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಆಯಿ ಕೂಡ ಮೆಚ್ಚುತ್ತಿದ್ದಳು. ಬಚ್ಚಲ ನೀರಿಗೂ ಉಪಾಯ ಮಾಡಿದೆ: ಹೊರಗಿನ ಸಣ್ಣ ಕಾಲುವೆಗೆ ಒಂದು ಒಡಕು ಹಂಚು ಅಡ್ಡ ಇಟ್ಟು ಮೂರು ವಾರ ನೀರನ್ನೆಲ್ಲ ಆಚೆಯ ಬಾಳೆಗಿಡಕ್ಕೆ ತಿರುಗಿಸಿದೆ. ಅದು ಕತ್ತರಿಯ ಲೆಕ್ಕಕ್ಕೆ ಬರುವುದಿಲ್ಲ. ನಾನು ನೀರಿನ ಬಗ್ಗೆ ಯಾರ ಮುಂದೆಯೂ ಯಾವ ಮಾತೂ ಕೊಟ್ಟಿರಲಿಲ್ಲ.

ತೊಂದರೆ ಎರಡು. ಒಂದು, ಹಸಿ ಕಡ್ಡಿಯ ಹೊಗೆ. “ಯಾಕ ಇಷ್ಟ ಹೊಗಿ? ಕಟಗಿ ಹಸೀ ತಂದಿಯೇನ?” ಎಂದು ಮನೆಯವರು ಕೆಮ್ಮುತ್ತ ಕೇಳುವರು. “ಕಟಗಿ ಅಡ್ಡೆಯವರು ಮೋಸ ಮಾಡ್ಯಾರ್ರಿ” ಎಂದು ಆ ಬಡಪಾಯಿಗಳ ಮೇಲೆ ಹಾಕುತ್ತಿದ್ದೆ. ಎರಡನೆಯದು ಸಪ್ಪಳ. ಬಲಿತ ಕಡ್ಡಿ ಬಟ್ಟೆ ಕತ್ತರಿಗೆ ಸಿಕ್ಕಿದರೆ ‘ಕಟಕ್’ ಎಂದು ಕೂಗುತ್ತದೆ. ಅದನ್ನು ಮುಚ್ಚಲು ಭಜನೆ ಹಾಡತೊಡಗಿದೆ. ದನಿ ಎತ್ತಿದಾಗ ಒಂದು ಕಡ್ಡಿ, ತಾಳ ಬಿದ್ದಾಗ ಒಂದು ಕಡ್ಡಿ. ನನ್ನ ಕಂಠ ಅಂಥದ್ದೇನಲ್ಲ. ಆದರೂ ಒಂದು ವಾರದೊಳಗೆ ಓಣಿಯಲ್ಲಿ ಸುದ್ದಿಯಾಯಿತು. ಕಾಕಾ ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುವವರು, ಹಿಟ್ಟಿನ ಗಿರಣಿಯಲ್ಲಿ ನನ್ನ ಕೈ ಹಿಡಿದು, “ಶಾರದಾ, ಏಳೂ ದಿನ ತಪ್ಪದ ದೇವರ ನಾಮಸ್ಮರಣಿ ಮಾಡಾಕತ್ತೀಯಂತ. ಗಿಡದ ಸಲುವಾಗಿ ಇಷ್ಟ ಕಷ್ಟಪಡಬ್ಯಾಡ ಮಗಳ” ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಬೆಳಗಿನ ಹೊಗೆಯದೂ ಸ್ವಲ್ಪ ಇದ್ದಿರಬೇಕು.

ಒಂದು ಸತ್ಯ ಹೇಳಲೇಬೇಕು. ನನ್ನ ತೋಳು ಮುಟ್ಟಿದ್ದು ಗಿಡದ ಒಳಮೈ ಮಾತ್ರ. ಓಣಿಯಿಂದ ನೋಡಿದವರಿಗೆ ಗಿಡ ಮೊದಲಿನಂತೆಯೇ ದಟ್ಟವಾಗಿ, ಕತ್ತರಿ ಕಾಣದ ಕೊಬ್ಬಿನಿಂದ ನಿಂತಿತ್ತು. ಕಾಕಾ ದಿನಾಲೂ ಗೇಟಿನ ಹೊರಗಿನಿಂದಲೇ ಪರೀಕ್ಷೆ ಮಾಡಿ, ತಲೆ ಆಡಿಸಿ ಹೋಗುತ್ತಿದ್ದರು. ನಮ್ಮ ಮನೆಯವರು ಸ್ಕೂಟರಿಗೆ ಹೊದಿಸಲು ತಾಡಪತ್ರಿಯನ್ನೂ ತಂದಿಟ್ಟಿದ್ದರು.

ಯುಗಾದಿಗೆ ಒಂಬತ್ತು ದಿನ ಇರುವಾಗ ಕಿಟಕಿ ತೆರೆದರೆ ಗಜಗಳ ತನಕ ಮೊಗ್ಗು. ಅಕ್ಕಿ ಚೆಲ್ಲಿದ ಹಾಗೆ. ನಾನು ಭಜನೆ ಮರೆತು ಕೂಗಿಬಿಟ್ಟೆ; ಮನೆಯವರು ಹಾವು ಬಂತೆಂದು ಕೋಲು ತಂದರು. ಸಂಜೆಯ ಹೊತ್ತಿಗೆ ಇಡೀ ಕಟ್ಟೆ ನಮ್ಮ ಅಂಗಳದಲ್ಲಿತ್ತು. ಹೊರಗಿನ ಎಲೆಯ ಪರದೆ ಸರಿಸಿ ಒಳಗೆ ನೋಡಿದವರೆಲ್ಲ “ಅಬಬಾ” ಎನ್ನುವವರೇ. ಕಾಕಾ ಅವರ ಚಷ್ಮಾದ ಕಾಲು ಸಡಿಲು, ಮೂಗಿನ ಮೇಲೆ ಜಾರುತ್ತಿತ್ತು; ಅದನ್ನು ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಅವರ ಪಕ್ಕದಲ್ಲೇ ಬಗ್ಗಿದ್ದ ಗ್ರೇಸ್ ಅಕ್ಕೋರು ಒಂದು ಕಡ್ಡಿಯ ತುದಿಯನ್ನು ಬೆರಳಿನಿಂದ ಸವರಿದರು. ಆಮೇಲೆ ಕಾಕಾ ಅವರಿಗೂ ಆ ಕಡ್ಡಿಗೂ ನಡುವೆ ಸದ್ದಿಲ್ಲದೆ ಬಂದು ನಿಂತು, ನನ್ನ ಕಿವಿಯಲ್ಲಿ, “ಬಟ್ಟಿ ಕತ್ತರಿ ಹಿಂಗ ಬಳಸಿದ್ರ ಮೊಂಡ ಆಗ್ತೈತವಾ. ಸಾಣಿ ಹಿಡಿಸು” ಅಂದರು. ಹೊಲಿಗೆ ಕಲಿಸುವವರ ಬೆರಳಿಗೆ ಮೋಸ ಮಾಡುವುದು ಕಷ್ಟ. ಆದರೆ ಅವರು ಈ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಕಾಕಾ ನೆಟ್ಟಗೆ ನಿಂತು, ಎಲ್ಲರೂ ಕೇಳುವ ಹಾಗೆ ಹೇಳಿದರು: “ಶಾರದಾಬಾಯಿ, ನಾ ಸೋತೆ. ಇಷ್ಟು ವರ್ಷ ಮಂದಿ ಗಿಡ ಸುಮ್ಮಸುಮ್ಮನ ಕಡದೆ. ಇನ್ನ ಮುಂದ ನಮ್ಮ ಓಣ್ಯಾಗ ಮಲ್ಲಿಗಿಗೆ ಕತ್ತರಿ ಇಲ್ಲ.”

ಗೆದ್ದವಳಿಗೆ ಆಗಬೇಕಾದ ಸಂತೋಷ ನನಗೆ ಪೂರ್ತಿ ಆಯಿತು, ಸುಳ್ಳು ಯಾಕೆ ಹೇಳಲಿ. ಸ್ಕೂಟರ್ ಓಣಿಯಲ್ಲೇ ಬಿಸಿಲು ಕಾಯುತ್ತ ನಿಂತಿತು. ನಾನು ಆ ಚೈತ್ರವಿಡೀ ಮೊಳಗಟ್ಟಲೆ ಮಾಲೆ ಮುಡಿದು ಆಫೀಸಿಗೆ ಹೋದೆ; ಫೈಲುಗಳಿಗೆಲ್ಲ ಮಲ್ಲಿಗೆ ವಾಸನೆ. ಆದರೆ ಕಾಕಾ ಸುಮ್ಮನೆ ಸೋಲುವ ಮನುಷ್ಯರಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮುಂದಿನ ಸಂಕ್ರಾಂತಿಗೆ ಅವರು ತಮ್ಮ ಕತ್ತರಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಯಾರ ಮನೆಯಲ್ಲಾದರೂ ಕಟಿಂಗ್ ಸಪ್ಪಳ ಕೇಳಿದರೆ ಓಡಿ ಹೋಗಿ ತಡೆಯತೊಡಗಿದರು. “ಕಡೀಬ್ಯಾಡ್ರಿ! ಶಾರದಾಬಾಯಿ ಅವರದು ನೋಡಿಲ್ಲೇನು?” ಗ್ರೇಸ್ ಅಕ್ಕೋರ ಗುಲಾಬಿಗೂ ಅಡ್ಡ ಹೋದರು. “ಕಾಕಾ, ನನ್ನ ಗುಲಾಬಿಗೆ ಶಾರದಾನ ಭಜನಿ ಬರಂಗಿಲ್ರಿ” ಎಂದು ಅವರು ಬಾಗಿಲು ಹಾಕಿಕೊಂಡರಂತೆ.

ಆ ವರ್ಷ ಓಣಿಯ ಒಂದೂ ಮಲ್ಲಿಗೆ ನೆಟ್ಟಗೆ ಹೂವು ಬಿಡಲಿಲ್ಲ. ಎಲ್ಲ ಮನೆಯ ಮುಂದೂ ಎಲೆಯೇ ಎಲೆ. ನಮ್ಮದೊಂದು ಮಾತ್ರ, ಭಜನೆಯ ಬಲದಿಂದ, ಒಳಗೊಳಗೇ ತುಂಬಿ ನಿಂತಿತ್ತು. ಸಂಜೆಯಾದರೆ ಹೆಂಗಸರು ಸಣ್ಣ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬರುವರು. ಕೊಡುತ್ತಿದ್ದೆ, ಕೊಟ್ಟಷ್ಟೂ ನನ್ನ ಸುಳ್ಳು ಕುಟುಕುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಕುಟುಕಿದ್ದು ಕಾಕು ಅವರ ಚೈತ್ರಗೌರಿಯ ಅರಿಷಿಣ ಕುಂಕುಮಕ್ಕೆ ಹೋದ ದಿನ. ಪ್ರತಿ ವರ್ಷ ಗೌರಿಯ ತೊಟ್ಟಿಲನ್ನು ಅವರು ತಮ್ಮ ಗಿಡದ ಮಲ್ಲಿಗೆಯಿಂದಲೇ ಮುಚ್ಚುತ್ತಿದ್ದರು. ಬೇರೆ ಹೂವು ತಂದವರಲ್ಲ. ಆ ವರ್ಷ ಗೌರಿಯ ಕೊರಳಲ್ಲಿ ಪೇಟೆಯಿಂದ ತಂದ ಬಾಡಿದ ಎರಡೆಳೆ. ಕೋಸಂಬರಿ ಬಡಿಸುತ್ತ ಕಾಕು, “ನಮ್ಮನಿಯವರು ಮೂರು ವರ್ಷ ತಡೀಬೇಕು ಅಂತಾರ. ನಿನಗೂ ಮೂರು ವರ್ಷ ಹಿಡೀತಂತಲ್ಲ” ಅಂದರು. ಕೋಸಂಬರಿಯನ್ನು ಪಾನಕ ಕುಡಿದು ಇಳಿಸಿದೆ.

ಮರುವರ್ಷ ಸಂಕ್ರಾಂತಿಗೆ ಕುಸುರೆಳ್ಳು ಕೊಡುವ ನೆವದಿಂದ ಕಾಕಾ ಅವರ ಮನೆಗೆ ಹೋದೆ, ಎಲ್ಲ ಹೇಳಿಬಿಡಬೇಕೆಂದು. ಹಟಮಾರಿಗಳಿಗೆ ತಪ್ಪೊಪ್ಪುವುದು ಎಷ್ಟು ಕಷ್ಟವೆಂದು ಬೇರೆಯವರಿಗೆ ತಿಳಿಯದು. ನಾನು ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿದ್ದೆ.

“ಕಾಕಾ, ಈ ವರ್ಷ ಗಿಡಕ್ಕ ಕತ್ತರಿ ಹಚ್ಚೂಣ್ರಿ.”

“ನೀವಾ ಹಿಂಗಂದ್ರ ಹ್ಯಾಂಗ್ರಿ? ಧೈರ್ಯ ಇಟಗೋರಿ. ಬರ್ತೈತಿ ಹೂವು.”

“ಬರಂಗಿಲ್ರಿ. ನಾ ಕತ್ತರಿಸೇನ್ರಿ ಕಾಕಾ. ಬಚ್ಚಲ ಕಿಡಕ್ಯಾಗಿಂದ. ಬಟ್ಟಿ ಕತ್ತರೀಲೆ. ಕಡ್ಡಿ ಎಲ್ಲಾ ಹಂಡೆ ಒಲಿಗೆ ಹಾಕಿ ಸುಟ್ಟೇನಿ.”

ಕಾಕಾ ನನ್ನನ್ನು ಬಹಳ ಅಂತಃಕರಣದಿಂದ ನೋಡಿದರು. “ಶಾರದಾಬಾಯಿ, ನೀವು ದೊಡ್ಡ ಮನಸ್ಸಿನವರು. ನಮ್ಮ ಗಿಡಕ್ಕ ಹೂವಿಲ್ಲಂತ ನನ್ನ ಸಮಾಧಾನಕ್ಕ ಇಂಥಾ ಕಥಿ ಕಟ್ಟಿಕೊಂಡು ಬಂದೀರಿ. ಬಚ್ಚಲ ಕಿಡಕ್ಯಾಗಿಂದ ಅಂತ! ಯಾರರೆ ನಂಬೋ ಮಾತೇನ್ರಿ ಇದು?”

“ಖರೇನ ಹೇಳಾಕತ್ತೇನ್ರಿ!”

“ನಾ ನಂಬಂಗಿಲ್ಲ. ಈ ಓಣ್ಯಾಗ ಎಲ್ಲಾರೂ ಬಿಟ್ರೂ ನಾ ನಿಮ್ಮ ಮಾತು ಬಿಡಂಗಿಲ್ಲ.”

ಈ ಮನುಷ್ಯನ ಮೊಂಡತನಕ್ಕೆ ಏನು ಹೇಳಬೇಕು ನೀವೇ ಹೇಳಿ. ತಪ್ಪೆಂದು ಕಣ್ಣಿಗೆ ಕಾಣುತ್ತಿದೆ, ಬಾಯಿಬಿಟ್ಟು ಹೇಳಿದ್ದೂ ಆಗಿದೆ, ಆದರೂ ಕೇಳಲೊಲ್ಲರು. ಇಂಥವರ ಸಹವಾಸ ಎಷ್ಟು ಕಷ್ಟ ಎಂದುಕೊಂಡು ಹೊರಗೆ ಬಂದೆ. ಹಿಂದೆಯೇ ಕಾಕು ಬಂದರು. ಒಳಗಿನಿಂದ ಎಲ್ಲ ಕೇಳಿದ್ದರು.

“ನಾ ನಂಬೇನಿ,” ಅಂದರು ಗೇಟಿನ ಹತ್ತಿರ, ಸಣ್ಣ ದನಿಯಲ್ಲಿ. “ಸೋಮವಾರ ಇವರು ಚಷ್ಮಾ ದುರಸ್ತಿಗೆ ಹುಬ್ಬಳ್ಳಿಗೆ ಹೊಂಟಾರ. ಹತ್ತೂವರಿಗೆ ಬಾ. ಅಟ್ಟದಾಗಿನ ಕತ್ತರಿ ನಾ ಇಳಿಸಿ ಇಟ್ಟಿರ್ತೇನಿ. ಈ ವರ್ಷ ನನ್ನ ಗೌರಿಗೆ ಮಲ್ಲಿಗಿ ಬೇಕು.”

“ಕಾಕಾ ಸಿಟ್ಟಿಗೆದ್ರ ಕಾಕು?”

“ನಲವತ್ತು ವರ್ಷ ಆತವಾ ನೋಡಾಕತ್ತು. ಏಳಲಿ.”

ಆಫೀಸಿಗೆ ಅರ್ಧ ದಿನದ ರಜೆ ಬರೆದುಕೊಟ್ಟೆ. ಕಾರಣ ಎಂಬ ಜಾಗದಲ್ಲಿ ‘ತುರ್ತು ಗೃಹಕೃತ್ಯ’ ಎಂದು ಬರೆದೆ. ಯಾರ ಗೃಹ ಎಂದು ಅವರು ಕೇಳುವುದಿಲ್ಲ. ಸೋಮವಾರ ಹತ್ತೂವರೆಗೆ ಹೋದರೆ ಕಾಕು ಕತ್ತರಿ, ಗೊಬ್ಬರದ ಬುಟ್ಟಿ, ಎಲ್ಲ ಸಜ್ಜು ಮಾಡಿ ಸೆರಗು ಬಿಗಿದು ನಿಂತಿದ್ದರು. ಅವರು ಕೊಂಬೆ ಹಿಡಿದರು, ನಾನು ಕತ್ತರಿಸತೊಡಗಿದೆ. ಬಟ್ಟೆ ಕತ್ತರಿಗೆ ಹೊಂದಿಕೊಂಡಿದ್ದ ಕೈಗೆ ಆ ದೊಡ್ಡ ಕತ್ತರಿ ಹಿಡಿತಕ್ಕೇ ಸಿಗಲೊಲ್ಲದು. ಹಾಗೂ ಹೀಗೂ ಹತ್ತು ಹದಿನೈದು ಕಡ್ಡಿ ಇಳಿಸಿದ್ದೆವು. ಆಗ ಗೇಟು ಕಿರ್ ಎಂದಿತು. ಕಾಕಾ! ದುರಸ್ತಿ ಮಾಡಿಸಬೇಕಾದ ಚಷ್ಮಾವನ್ನೇ ಮನೆಯಲ್ಲಿ ಮರೆತು, ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದಿದ್ದರು.

ಕೊಂಬೆ ಕಾಕು ಕೈಯಲ್ಲಿ. ಕತ್ತರಿ ನನ್ನ ಕೈಯಲ್ಲಿ. ಕಾಲ ಬುಡದಲ್ಲಿ ಕಡ್ಡಿಯ ರಾಶಿ. ನಾವು ಅಲುಗಾಡದೆ ನಿಂತೆವು. ಚಷ್ಮಾ ಇಲ್ಲದ ಕಣ್ಣಿಗೆ ಕಾಣಲಿಕ್ಕಿಲ್ಲ ಎಂಬ ಸಣ್ಣ ಆಸೆ. ಕಾಕಾ ಮೆಟ್ಟಿಲ ಮೇಲೆ ಕೂತರು.

“ಗೇಟಿನ ಹೊರಗಿದ್ದಾಗನ ಸಪ್ಪಳ ಕೇಳೇನಿ,” ಅಂದರು ನಿಧಾನವಾಗಿ. “ನನ್ನ ಕತ್ತರಿ ಸಪ್ಪಳ ನನಗ ತಿಳಿಯಂಗಿಲ್ಲೇನು? ಅಂದ್ರ... ಬಚ್ಚಲ ಕಿಡಕಿ ಮಾತು ಖರೇನಾ?”

“ಖರೇ ರೀ.”

“ಗಜ ಅದಾವಲ್ಲ ಅದಕ್ಕ?”

“ಸಂದಿ ಐತ್ರಿ. ಕೈ ಹಾಯ್ತೈತಿ.”

“ಯಾವ ಕೈ?”

“ಬಲಗೈ ರೀ.”

ಕಾಕಾ ಇನ್ನು ಸಿಡಿಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಬೇಕಾದ ಉತ್ತರಗಳನ್ನೂ ತಯಾರು ಮಾಡಿಕೊಂಡಿದ್ದೆ: ಹೌದು ಸುಳ್ಳು ಹೇಳಿದೆ, ಏನೀಗ? ನೀವು ಅಂದು ಕಾರಣ ಹೇಳಿದ್ದರೆ ಇದೆಲ್ಲ ಆಗುತ್ತಿತ್ತೇ? ಆದರೆ ಅವರು ಮೊಳಕಾಲಿಗೆ ಕೈಯೂರಿ ಎದ್ದು, ಗಿಡದ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಕಡ್ಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಿಟ್ಟುಸಿರು ಬಿಟ್ಟು ಹೇಳಿದರು:

“ಎಷ್ಟು ಮ್ಯಾಲ ಕತ್ತರಿಸೀರಿ ಶಾರದಾಬಾಯಿ! ಮಂದಿ ತಲಿಗೂದಲಾ ಇದು? ಬಲಿತ ಕಡ್ಡೀಗೆ ಹೋಗಬೇಕ್ರಿ. ಚಿಗುರು ಒ‌ಡಿಯೋ ಕಣ್ಣು ಐತಿ ನೋಡ್ರಿ ಇಲ್ಲಿ, ಅದರ ಮ್ಯಾಲ ಕತ್ತರಿ ಇಡಬೇಕು. ಅಂದ್ರ ಆ ಕಣ್ಣಿನ್ಯಾಗಿಂದ ಎರಡು ಚಿಗುರು ಬರ್ತಾವು. ಎರಡು ಚಿಗುರಿಗೂ ಮೊಗ್ಗಿ.”

ಐದು ವರ್ಷದ ಹಿಂದೆ ಕೇಳಿದ ‘ಯಾಕ್ರಿ’ಗೆ ಉತ್ತರ ಆ ದಿನ ಸಿಕ್ಕಿತು. ಸರಿಯಾದ ಉತ್ತರ. ಕಾಕು “ಹೂಂ, ಹಂಗ ಮಾಡವಾ” ಎಂದು ಕೊಂಬೆ ಗಟ್ಟಿ ಹಿಡಿದರು. ಕಾಕಾ ತೋರಿಸಿದ ಹಾಗೆಯೇ ಒಂದೊಂದು ಕಡ್ಡಿಯನ್ನೂ ತಿರುಗಿ ಕೆಳಗಿನಿಂದ ಕತ್ತರಿಸುತ್ತ ಬಂದೆ. ಕಡೆಗೆ ಒಂದು ಕಡ್ಡಿ ಉಳಿಯಿತು. ಕಾಕಾ ಅದರ ಮೇಲೆ ಬೆರಳಿಟ್ಟು, “ಇಲ್ಲಿ. ಹಾಂ, ಇಲ್ಲೇ. ನಾ ಹೇಳಿದಲ್ಲೇ ಇಡ್ರಿ ಕತ್ತರಿ” ಅಂದರು. ಅವರು ತೋರಿಸಿದ ಜಾಗವೇ ಸರಿ ಎಂದು ನನಗೆ ಗೊತ್ತಿತ್ತು, ಗಿಡಕ್ಕೂ ಗೊತ್ತಿತ್ತು. ನಾನು ಅದಕ್ಕಿಂತ ನಾಲ್ಕು ಬೆರಳು ಮೇಲೆ ಕತ್ತರಿಸಿದೆ.

ಆ ಚೈತ್ರದಲ್ಲಿ ಕಾಕು ಅವರ ಗೌರಿ ಮಲ್ಲಿಗೆಯಲ್ಲಿ ಮುಚ್ಚಿಹೋಗಿ, ಮುಖ ಎಲ್ಲಿದೆ ಎಂದು ಹುಡುಕಿ ಕುಂಕುಮ ಹಚ್ಚಬೇಕಾಯಿತು. ಅರಿಷಿಣ ಕುಂಕುಮ ಮುಗಿಸಿ ಹೊರಗೆ ಬರುವಾಗ ಗಿಡದ ಹತ್ತಿರ ಒಂದು ನಿಮಿಷ ನಿಂತೆ. ಮೈತುಂಬ ಹೂವು. ನಡುವೆ ಒಂದೇ ಒಂದು ಕಡ್ಡಿ ಬರೀ ಎಲೆ ಬಿಟ್ಟುಕೊಂಡು, ಉಳಿದೆಲ್ಲಕ್ಕಿಂತ ಎತ್ತರವಾಗಿ, ಸೆಟೆದು ನಿಂತಿತ್ತು. ಅದರ ಎಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಮನೆಗೆ ಬಂದೆ.